ರೈಲಿಗೆ ಬೆನ್ನು ಹಾಕಿದ ಮನೆ

ಮನೆ ಗುರುವಾರ ಹೊರಡುತ್ತದೆ ಎಂಬುದು ನೋವಾ ಲಿಪಾ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ಆ ಮನೆಯ ಹಿರಿಯಳು ರೊಜಾಲಿಯೆ ಒಬ್ಬಳೇ.

ನೆಬ್ರಾಸ್ಕಾದ ಹುಲ್ಲುಸೀಮೆಯಲ್ಲಿ ಆಗ ಮನೆ ಹೊರಡುವುದು ಸೋಜಿಗದ ಸಂಗತಿಯಾಗಿರಲಿಲ್ಲ. ಎಲ್ಲ ಹಲಗೆಯ ಮನೆಗಳು. ಜಾಕಿ ಕೊಟ್ಟು ಎತ್ತಿ, ಕೆಳಗೆ ಉದ್ದನೆಯ ತೊಲೆಗಳನ್ನು ತೂರಿಸಿ, ನೆಲ ಹೆಪ್ಪುಗಟ್ಟಿದ ಮೇಲೆ ಹತ್ತಾರು ಜೋಡಿ ಎತ್ತು ಹೂಡಿದರೆ ಮನೆ ಹಿಮದ ಮೇಲೆ ಜಾರಿಕೊಂಡು ಹೋಗುತ್ತದೆ. ಆ ಚಳಿಗಾಲದಲ್ಲಿ ಮೊದಲು ಹೋದದ್ದು ಚರ್ಚು. ಆಮೇಲೆ ವೆಂಡೆಲಿನ್‌ನ ಅಂಗಡಿ. ಅವನು ಒಳಗೆ ಒಲೆ ಉರಿಸಿಕೊಂಡು, ದಾರಿಯುದ್ದಕ್ಕೂ ಎತ್ತು ಹೊಡೆಯುವವರಿಗೇ ಬಿಯರ್ ಮಾರಿಕೊಂಡು ಹೋದ. ವ್ಯಾಪಾರಿ ಎಂದರೆ ಹಾಗಿರಬೇಕು.

ಇಷ್ಟಕ್ಕೆಲ್ಲ ಕಾರಣ ರೈಲು. ರೊಜಾಲಿಯೆಯ ಗಂಡ ಮತೌಶ್ ಯುರೋಪಿನ ಬೊಹೀಮಿಯಾದಿಂದ ಒಂದಷ್ಟು ಸಂಸಾರಗಳನ್ನು ಕಟ್ಟಿಕೊಂಡು ಬಂದು ಈ ಊರಿಗೆ ಗೂಟ ಹೊಡೆದವನು. ತೊರೆಯ ದಂಡೆ, ಹಲಗೆಯಂಥ ನೆಲ. "ರೈಲು ಇಲ್ಲೇ ಬರತ್ತೆ. ನೀರಿದೆ, ಸಮತಟ್ಟಾದ ನೆಲ ಇದೆ. ಇನ್ನೇನು ಬೇಕು ರೈಲಿಗೆ, ಹಾಸಿಗೆ ದಿಂಬಾ?" ಎನ್ನುತ್ತಿದ್ದ. ಊರಿನ ನಡುವೆ, ತನ್ನ ಮನೆಯ ಹಿತ್ತಲಿಗೆ ತಾಗಿದ ಅತ್ಯುತ್ತಮ ಜಾಗವನ್ನು ಸ್ಟೇಷನ್ನಿಗೆಂದು ಖಾಲಿ ಬಿಟ್ಟು, ಕಂಪನಿಗೆ ಪುಕ್ಕಟೆ ಕೊಡುತ್ತೇನೆಂದು ಬರೆದೂ ಹಾಕಿದ. ಕಾಯುತ್ತ ಕಾಯುತ್ತ ಸತ್ತ. ಸಾಯುವಾಗಲೂ ಚರ್ಚಿನ ಸ್ಮಶಾನ ಬೇಡ, ಆ ಖಾಲಿ ಜಾಗದ ಅಂಚಿನಲ್ಲೇ ಹೂಳಿ, ಮೊದಲ ರೈಲು ಬಂದಾಗ ನನಗೆ ಕೇಳಿಸಬೇಕು ಎಂದ. ಹಾಗೇ ಮಾಡಿದರು.

ಆದರೆ ಊರವರು ಪುಕ್ಕಟೆ ಕೊಟ್ಟ ನೆಲದಲ್ಲಿ ಸ್ಟೇಷನ್ ಕಟ್ಟಿದರೆ ಸುತ್ತಲ ಜಾಗ ಮಾರಿದ ಲಾಭ ಊರವರಿಗೆ ಹೋಗುತ್ತದೆ. ಕಂಪನಿ ತಾನೇ ಬಯಲು ಕೊಂಡು, ತಾನೇ ಬೀದಿ ಗೆರೆ ಎಳೆದು ಮಾರಿದರೆ ಲಾಭ ತನಗೆ. ಇಷ್ಟೂ ತಿಳಿಯದಿದ್ದರೆ ಅದನ್ನು ಕಂಪನಿ ಎಂದು ಯಾರು ಕರೆಯುತ್ತಾರೆ? ಹಳಿಯ ಗೆರೆ ನಾಲ್ಕು ಮೈಲಿ ದಕ್ಷಿಣಕ್ಕೆ ಬಿತ್ತು. ಅಲ್ಲಿಯ ಹೊಸ ಊರಿಗೆ ಹ್ಯಾಡ್ಲಿ ಎಂದು ಹೆಸರಾಯಿತು. ಹ್ಯಾಡ್ಲಿ ಯಾರು ಏನು ಎಂದು ಕೇಳಬೇಡಿ. ಕಂಪನಿಯವರು ಸ್ಟೇಷನ್ನುಗಳಿಗೆ ಅಕ್ಷರಮಾಲೆಯ ಪ್ರಕಾರ ಹೆಸರಿಡುತ್ತ ಬಂದಿದ್ದರು, ಈ ಸರದಿ ಎಚ್ ಅಕ್ಷರದ್ದಾಗಿತ್ತು. ರೈಲಿಲ್ಲದ ಊರಿಗೆ ಹೊಸಬರು ಬರುವುದಿಲ್ಲ, ಅಲ್ಲಿಂದ ಗೋಧಿ ಹೋಗುವುದಿಲ್ಲ. ಗಾಳಿ ಬಂದಾಗ ತೂರಿಕೋ ಎಂದು ಎಲ್ಲರೂ ಮನೆ ಎತ್ತಿದರು.

ರೊಜಾಲಿಯೆಯ ಮಗ ಕ್ರಿಶ್ಟೋಫ್ ಕಮ್ಮಾರ. ಊರೇ ಹೋದ ಮೇಲೆ ಕುಲುಮೆ ಯಾರಿಗಾಗಿ ಉರಿಯಬೇಕು? ಮಾತು ತೆಗೆದದ್ದು ಅವನೇ, ಬೆಳಗಿನ ಸೂಪು ಕುಡಿಯುವಾಗ.

"ಹೋಗೋರು ಹೋಗಿ. ಬೇಡ ಅಂದೋರು ಯಾರು?" ಎಂದಳು ಮುದುಕಿ.

"ನೀನು?"

"ನಾನು ಯಾಕೆ ಬರಲಿ? ನಿಮ್ಮಪ್ಪನ ಪಕ್ಕ ಜಾಗ ಇಟ್ಕೊಂಡಿದೀನಿ. ಮನೆ ತಗೊಂಡು ಹೋಗಿ, ಒಲೆ ತಗೊಂಡು ಹೋಗಿ. ನನಗೊಂದು ಮಣ್ಣಿನ ಗುಡಿಸಲು ಹಾಕ್ಕೊಟ್ಟು ಹೋಗಿ."

"ಕಣ್ಣು ಕಾಣದವಳು ಬಯಲಲ್ಲಿ ಒಬ್ಬಳೇ ಇರ್ತೀಯಾ? ತೋಳ ಬಂದ್ರೆ?"

"ಬರಲಿ. ಈ ಮೂಳೆ ನೋಡಿ ಅದೇ ನಾಚ್ಕೊಂಡು ಹೋಗತ್ತೆ."

ಆಮೇಲೆ ಅವಳು ಸೊಸೆಯ ಕೈ ಹಿಡಿದುಕೊಂಡಳು. "ಅಪೊಲೆನಾ, ನೀನು ಮಾತು ಕೊಡು. ಇವನ ಮಾತು ಬೇಡ. ನನ್ನನ್ನ ಅವನ ಪಕ್ಕದಲ್ಲೇ ಮಣ್ಣು ಮಾಡ್ತೀನಿ ಅಂತ ನೀನು ಹೇಳು."

"ಮಾಡ್ತೀನಿ ಅತ್ತೆ" ಎಂದಳು ಅಪೊಲೆನಾ. ಹೇಳುವಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಮಕ್ಕಳಿಲ್ಲದ ಆ ಮನೆಯಲ್ಲಿ ಅತ್ತೆ ಸೊಸೆಯರಿಬ್ಬರೇ ಒಬ್ಬರಿಗೊಬ್ಬರು. ಮೋಡದ ಬಣ್ಣ, ಹಾದಿಯಲ್ಲಿ ಹೋಗುವವರ ಮುಖ, ರೊಟ್ಟಿಯ ಮೇಲಿನ ಕೆಂಪು, ಎಲ್ಲವನ್ನೂ ಅಪೊಲೆನಾ ಹೇಳಬೇಕು, ಅವಳು ಕೇಳಬೇಕು. ಗಂಡನ ಗೋರಿಯ ಹತ್ತಿರಕ್ಕೆ ಮಾತ್ರ ಮುದುಕಿ ಒಬ್ಬಳೇ ಹೋಗುತ್ತಿದ್ದಳು. ಹಿಮಗಾಳಿ ಎದ್ದಾಗ ದಾರಿ ತಪ್ಪದಿರಲೆಂದು ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟುವುದು ಆ ಸೀಮೆಯ ರೂಢಿ. ಅಂಥದ್ದೇ ಒಂದು ಹಗ್ಗವನ್ನು ಹಿಂಬಾಗಿಲಿನಿಂದ ಗೋರಿಯ ಕಬ್ಬಿಣದ ಶಿಲುಬೆಗೆ ಕಟ್ಟಿದ್ದರು. ಶಿಲುಬೆ ಮಾಡಿದವನು ಕ್ರಿಶ್ಟೋಫ್. ಅದರ ಒಂದು ತೋಳು ಸ್ವಲ್ಪ ಬಾಗಿತ್ತು. ಅಪ್ಪ ಸತ್ತ ದುಃಖದಲ್ಲಿ ಬಡಿದದ್ದು, ಹಾಗೇ ಬಿಟ್ಟಿದ್ದ. ಮುದುಕಿ ದಿನಾ ಹಗ್ಗ ಹಿಡಿದು ಹೋಗಿ ಆ ಬಾಗಿದ ತೋಳನ್ನು ಸವರಿ, ಗಂಡನ ಜೊತೆ ಒಂದಷ್ಟು ಜಗಳ ಆಡಿ ಬರುತ್ತಿದ್ದಳು.

ಕುಲುಮೆಯಲ್ಲಿ ಗಂಡ ಹೆಂಡತಿ ಮಾತಾಡಿದರು. "ಎತ್ತಿ ಬಂಡಿಗೆ ಹಾಕ್ಕೊಂಡು ಹೋಗೋಣ ಅಂದ್ರೆ ಊರೆಲ್ಲ ಕೇಳೋ ಹಾಗೆ ಕಿರುಚ್ತಾಳೆ" ಎಂದ ಕ್ರಿಶ್ಟೋಫ್. "ಗೊತ್ತಾಗದ ಹಾಗೆ ಕರ್ಕೊಂಡು ಹೋದ್ರೆ? ಮನೆ ಅದೇ, ಮಂಚ ಅದೇ. ಅವಳಿಗೇನು ಕಾಣತ್ತಾ?"

"ಗೋರಿ?" ಎಂದಳು ಅಪೊಲೆನಾ.

ಅವನು ತಿದಿ ಒತ್ತಿದ. ಆಗ ಆ ಮಾತು ಅಪೊಲೆನಾಳ ಬಾಯಿಂದಲೇ ಬಂತು. "ಶಿಲುಬೆ ಕಿತ್ತುಕೊಂಡು ಹೋಗಿ ಅಲ್ಲಿ ಒಂದು ದಿಬ್ಬ ಮಾಡಿ ನೆಟ್ರೆ? ಹಗ್ಗದ ಉದ್ದ ಅಷ್ಟೇ ಇರಲಿ."

ಹೇಳಿ ಮುಗಿಸುವಷ್ಟರಲ್ಲೇ ಅವಳಿಗೆ ತಪ್ಪೆನಿಸಿತು. ಕಣ್ಣಾಗಿದ್ದವಳೇ ಸುಳ್ಳು ಹೇಳಿದರೆ ಕುರುಡಿ ಯಾರನ್ನು ಕೇಳಬೇಕು? ಆದರೆ ಕ್ರಿಶ್ಟೋಫ್‌ನ ಮುಖ ಆಗಲೇ ಅರಳಿತ್ತು. ಇಬ್ಬರೂ ಕೂಡಿ ತಮಗೆ ತಾವೇ ಸಮಾಧಾನ ಹೇಳಿಕೊಂಡರು: ಸತ್ತ ಮೇಲೆ ನಿಜವಾದ ಜಾಗಕ್ಕೇ ಒಯ್ದು ಮಣ್ಣು ಮಾಡೋಣ, ಕೊಟ್ಟ ಮಾತು ಉಳಿಯುತ್ತದೆ. ಅಲ್ಲಿವರೆಗೆ ನಿಜವಾದ ಗೋರಿಯನ್ನು ಕಾಯ್ದುಕೊಂಡರಾಯಿತು. ಅಲ್ಲಿಗೆ ಬೇರೊಂದು ಮರದ ಶಿಲುಬೆ ನೆಡುವುದು ಕ್ರಿಶ್ಟೋಫ್‌ನ ಪಾಲಿನ ಕೆಲಸ. "ಈಗ ನೆಲ ಕಲ್ಲಾಗಿದೆ. ಕರಗಿದ ಮೇಲೆ ನೆಡ್ತೀನಿ" ಎಂದ. ಮುದುಕಿಗೆ ಮಾತ್ರ, ಮನೆ ಎತ್ತುವುದಿಲ್ಲ, ಇಲ್ಲೇ ಇರುತ್ತೇವೆ ಎಂದು ಹೇಳಿದರು.

ಬೊಹೀಮಿಯಾದ ಹೆಂಗಸರು ಚಳಿಗಾಲದಲ್ಲಿ ಒಬ್ಬರ ಮನೆಯಲ್ಲಿ ಸೇರಿ ಹೆಬ್ಬಾತಿನ ಗರಿ ಹರಿಯುತ್ತಾರೆ. ಗರಿಯ ನಡುದಂಟು ಕಿತ್ತು, ಮೆತ್ತನೆಯದನ್ನು ದಿಂಬಿಗೂ ಹೊದಿಕೆಗೂ ರಾಶಿ ಹಾಕುವ ಕೆಲಸ. ಬಾಗಿಲು ತೆರೆದರೆ ರಾಶಿ ಹಾರಿಹೋಗುವುದರಿಂದ ಒಳಗೆ ಸೇರಿದವರು ಸುಲಭಕ್ಕೆ ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಸೀನುವುದೂ ಅಪರಾಧವೇ. ಗುರುವಾರ ಮುದುಕಿಯನ್ನು ಗೆಳತಿ ಯೊಹಾನಾಳ ಹೊಲದ ಮನೆಗೆ ಗರಿ ಹರಿಯಲು ಜಾರುಬಂಡಿಯಲ್ಲಿ ಬಿಟ್ಟುಬಂದರು. ಕುರುಡಿಯಾದರೂ ಆ ಕೆಲಸದಲ್ಲಿ ಅವಳ ಬೆರಳಿನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಯೊಹಾನಾಳ ಹೊಲ ಹಳೆಯ ಊರಿಗೂ ಹೊಸ ಊರಿಗೂ ಸರಿಯಾಗಿ ನಡುವೆ ಇತ್ತು. ಹೋಗುವ ದಾರಿ ಎಷ್ಟೋ ಬರುವ ದಾರಿಯೂ ಅಷ್ಟೇ.

ಹೆಂಗಸರು ಗಸಗಸೆ ತುಂಬಿದ ಕೊಲಾಚೆ ಎಂಬ ಸಿಹಿರೊಟ್ಟಿ ತಿಂದು, ಹಳೆಯ ದೆವ್ವದ ಕತೆಗಳನ್ನು ಹೇಳಿಕೊಂಡು ಗರಿ ಹರಿಯುತ್ತಿದ್ದ ಎರಡು ದಿನದಲ್ಲಿ ಮನೆ ಹಿಮದ ಮೇಲೆ ತೆವಳಿಕೊಂಡು ಹ್ಯಾಡ್ಲಿ ಸೇರಿತು. ಶಿಲುಬೆ ಕೀಳುವಾಗ ಅಪೊಲೆನಾ ಅಲ್ಲೇ ನಿಂತಿದ್ದಳು. ಹೆಪ್ಪುಗಟ್ಟಿದ ನೆಲ ಅದನ್ನು ಬಿಡಲಿಲ್ಲ. ಕೊನೆಗೆ ಬುಡಕ್ಕೆ ಕೆಂಡ ಸುರಿದು ಕಿತ್ತರು. ಆ ಸೀಮೆಯಲ್ಲಿ ಗುರುತಿಗೆ ಒಂದು ಕಲ್ಲು ಬೇಕೆಂದರೂ ಸಿಗದು. ಅವಳು ಅಡುಗೆಮನೆಯ ಒಡೆದ ಕಬ್ಬಿಣದ ಬಾಣಲೆಯೊಂದನ್ನು ತಂದು ಆ ಗುಂಡಿಯ ಮೇಲೆ ಬೋರಲು ಹಾಕಿದಳು.

ಹೊಸ ಊರಿನಲ್ಲಿ ಎಲ್ಲ ಮನೆಗಳೂ ರೈಲು ಹಳಿಗೆ ಮುಖ ಮಾಡಿ ಕೂತವು. ಅಪೊಲೆನಾ ಮಾತ್ರ ಹಟ ಹಿಡಿದು ತಮ್ಮ ಮನೆಯನ್ನು ಮೊದಲಿನಂತೆ ಪೂರ್ವಕ್ಕೇ ತಿರುಗಿಸಿ ಇರಿಸಿದಳು. ಮುದುಕಿ ಬೆಳಗಿನ ಬಿಸಿಲಿಗೆ ಕಿಟಕಿಯಲ್ಲಿ ಕೂರುವವಳು. ಬಿಸಿಲು ತಪ್ಪಿದರೆ ಗುಟ್ಟು ರಟ್ಟು. ಹಾಗೆ ಕೂರಿಸಿದಾಗ ಹಿತ್ತಲು ಹಳಿಯ ಕಡೆಗಾಯಿತು. ಹಳಿಯ ಏರಿಗೆಂದು ಸುರಿದಿದ್ದ ಸಡಿಲ ಮಣ್ಣಿನಿಂದ ಅಲ್ಲಿ ದಿಬ್ಬ ಮಾಡಿ ಶಿಲುಬೆ ನೆಟ್ಟು, ಅಷ್ಟೇ ಉದ್ದದ ಹಗ್ಗ ಕಟ್ಟಿದರು.

"ಏನಪ್ಪಾ ಕ್ರಿಶ್ಟೋಫ್, ರೈಲಿನ ಮೇಲೆ ಮುನಿಸಾ? ಬೆನ್ನು ಹಾಕಿ ಕೂತಿದೀಯ" ಎಂದು ವೆಂಡೆಲಿನ್ ಬೀದಿಯಲ್ಲಿ ನಿಂತು ಕೇಳಿದ.

"ಮುಖ ತೋರಿಸಿದ್ರೆ ಕಂಪನಿ ಅದಕ್ಕೂ ಕಾಸು ಕೇಳತ್ತೆ" ಎಂದ ಕ್ರಿಶ್ಟೋಫ್.

ಊರವರೆಲ್ಲ ಗುಟ್ಟಿನಲ್ಲಿ ಪಾಲುದಾರರಾದರು. ಹೋದವರೆಲ್ಲ ಮತ್ತೆ ಹಳೆಯ ಜಾಗಕ್ಕೇ ಬಂದರು ಎಂದು ಮುದುಕಿಗೆ ಹೇಳಿದರು. ಮುದುಕಿಯ ಎದುರು ಹ್ಯಾಡ್ಲಿ ಎನ್ನದೆ ನೋವಾ ಲಿಪಾ ಎನ್ನುತ್ತಿದ್ದರು. ಅವರಿಗೆ ಅದೊಂದು ಆಟ. ಇದ್ದ ಊರನ್ನೇ ಬಿಟ್ಟು ಬಂದ ಬೇಸರಕ್ಕೆ ಆ ಆಟದಿಂದ ಸ್ವಲ್ಪ ಹಿತವೂ ಆಗಿರಬೇಕು.

ಗರಿ ಹರಿದು ಮುಗಿದ ಸಂಜೆ ಜಾರುಬಂಡಿಯಿಂದ ಇಳಿದ ರೊಜಾಲಿಯೆ ಒಳಗೆ ಬಂದು, ಒಲೆಯ ಮೇಲೆ ಕೈ ಕಾಯಿಸಿಕೊಂಡು, ಹಿಂಬಾಗಿಲು ತೆಗೆದು ಹಗ್ಗ ಹಿಡಿದಳು. ಅಪೊಲೆನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುದುಕಿ ದಿಬ್ಬದ ಬಳಿ ನಿಂತು ಶಿಲುಬೆಯ ಬಾಗಿದ ತೋಳನ್ನು ಸವರಿದಳು. "ಎರಡು ದಿನ ಬರ್ಲಿಲ್ಲ ಅಂತ ಮುಖ ಊದಿಸ್ಕೊಂಡಿದೀಯಾ?" ಎಂದಳು. ಅಪೊಲೆನಾ ಒಳಗೆ ಓಡಿ ಮಂಚದ ಮೇಲೆ ಮುಖ ಮುಚ್ಚಿಕೊಂಡಳು.

ಅದಾದ ಸ್ವಲ್ಪ ದಿನಕ್ಕೆ ಹಳಿ ಪೂರ್ತಿಯಾಗಿ ಮೊದಲ ರೈಲು ಬಂತು. ಮಧ್ಯಾಹ್ನದ ಹೊತ್ತು. ನೆಲ ಅದುರಿತು, ತಟ್ಟೆಗಳು ಗಲಗಲ ಎಂದವು. ಮುದುಕಿ ಹಿಟ್ಟು ನಾದುತ್ತಿದ್ದವಳು ಹಾಗೇ ನಿಂತಳು.

"ಅದೇನೇ?"

"ರೈಲು ಅತ್ತೆ."

"ಬಂತಾ? ಇಲ್ಲಿಗೇ ಬಂತಾ?"

"ಬಂತು."

"ಎಲ್ಲಿ ನಿಂತಿದೆ?"

ಅಪೊಲೆನಾ ಕಿಟಕಿಯಾಚೆ ನೋಡಿದಳು. "ಮಾವ ಬಿಟ್ಟಿದ್ದ ಜಾಗದಲ್ಲೇ" ಎಂದಳು.

ಹಿಟ್ಟಿನ ಕೈಯಲ್ಲೇ ಮುದುಕಿ ಹಿತ್ತಲಿಗೆ ಹೋದಳು. ಅವಳಿಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ದಿಬ್ಬದ ಮೇಲೆ ಮಂಡಿಯೂರಿ ಕೂತಳು. "ಕೇಳಿಸ್ತಾ ಮುದುಕಾ? ಊರೆಲ್ಲ ನಿನ್ನ ಹುಚ್ಚ ಅಂದ್ರು. ನಾನೂ ಅಂದೆ. ಸಾಯೋ ದಿನ ನೀನು ರೈಲು ರೈಲು ಅಂತಿದ್ದಾಗ, ನಿನ್ನ ರೈಲು ಬರಲ್ಲ ಕಣೋ, ನಮ್ಮನ್ನೆಲ್ಲ ಇಲ್ಲಿ ತಂದು ಹಾಳು ಮಾಡ್ದೆ ಅಂತ ಅಂದ್ಬಿಟ್ಟೆ. ನೀನು ಗೋಡೆ ಕಡೆ ತಿರುಗ್ದೆ. ಆಮೇಲೆ ತಿರುಗಿ ನೋಡ್ಲೇ ಇಲ್ಲ. ತಪ್ಪಾಯ್ತು ಕಣೋ. ನೀನು ಹೇಳಿದ್ದೇ ನಿಜ ಆಯ್ತು. ನನ್ನ ಮಾತು ಸುಡ್ಲಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪೊಲೆನಾಳಿಗೆ ಈ ಮಾತು ಮೊದಲು ಗೊತ್ತಿರಲಿಲ್ಲ. ಮುದುಕಿ ಇಷ್ಟು ವರ್ಷ ದಿನಾ ಹಗ್ಗ ಹಿಡಿದು ಹೋಗುತ್ತಿದ್ದುದು ಇದನ್ನು ಹೇಳಲಾರದೆ ಎಂದು ಅವಳಿಗೆ ಈಗ ತಿಳಿಯಿತು. ಹೇಳಿದ್ದು ಮಾತ್ರ ಖಾಲಿ ಮಣ್ಣಿಗೆ. ಅಂದಿನಿಂದ ಮುದುಕಿ ಹಗುರಾದಳು. ಎರಡು ಸಲ ಬಡಿಸಿಕೊಂಡು ತಿಂದಳು, ಬೀದಿಯಲ್ಲಿ ಹೋಗುವವರನ್ನು ಕರೆದು "ನಮ್ಮ ಯಜಮಾನ ಏನಂದಿದ್ದ?" ಎಂದು ಕೇಳಿ ಹೇಳಿಸಿದಳು. ಅವಳು ನಕ್ಕಾಗೆಲ್ಲ ಅಪೊಲೆನಾ ತನ್ನ ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದಳು.

ಒಂದು ಸುಳ್ಳನ್ನು ಸಾಕುವುದು ಹಸು ಸಾಕುವುದಕ್ಕಿಂತ ಕಷ್ಟ. ಹೊಸ ಊರಿನ ನೀರು ರೈಲಿನ ತೊಟ್ಟಿಯದು, ತುಕ್ಕಿನ ರುಚಿ. ಮುದುಕಿ ಒಂದು ಗುಟುಕು ಕುಡಿದರೆ ಸಾಕು, ಕೇಳುತ್ತಾಳೆ. ಅದಕ್ಕೆ ಅಪೊಲೆನಾ ಆಗಾಗ ಜಾರುಬಂಡಿಗೆ ಪೀಪಾಯಿ ಹೇರಿ ಹಳೆಯ ಊರಿಗೆ ಹೋಗಿ ತೊರೆಯ ದಂಡೆಯ ಊರಬಾವಿಯಿಂದ ನೀರು ತರುತ್ತಿದ್ದಳು. ಊರೆಂದರೆ ಏನೂ ಉಳಿದಿರಲಿಲ್ಲ. ಮನೆಗಳಿದ್ದ ಕಡೆ ನೆಲಮಾಳಿಗೆಯ ಗುಂಡಿಗಳು, ಹರಿದ ಜೋಡು, ಒಲೆಯ ಮುರಿದ ಬಾಗಿಲು. ಬಾವಿಯಿಂದ ಏರು ಹತ್ತಿ ಬಂದು ಹಿಮ ಸರಿಸಿ ಬಾಣಲೆ ನೋಡುವಳು. "ಮಾವ, ನಿಮ್ಮಷ್ಟಕ್ಕೆ ನೀವಿರಿ. ನಾನು ಕಾಯ್ತಿದೀನಿ" ಎನ್ನುವಳು. ಅದೊಂದೇ ಅವಳಿಗೆ ಉಳಿದಿದ್ದ ಧೈರ್ಯ.

ಹಿಮ ಕರಗಿತು. ಹಾದಿ ಕೆಸರಾಗಿ ಗಾಲಿ ಅಚ್ಚಿನವರೆಗೆ ಹುಗಿಯುತ್ತಿತ್ತು. ವಾರಗಟ್ಟಲೆ ಅತ್ತ ಹೋಗಲಾಗಲಿಲ್ಲ. ಸೂರಿನಿಂದ ಹಿಡಿದ ಮಳೆನೀರನ್ನೇ ಕಾಯಿಸಿ ಕೊಟ್ಟಳು. "ನೆಲ ಕರಗಿತಲ್ಲ, ಮರದ ಶಿಲುಬೆ?" ಎಂದು ಗಂಡನನ್ನು ಕೇಳಿದಾಗೆಲ್ಲ, "ಕಾಣಲ್ವಾ ಕೆಲಸ? ದಿನಾ ರೈಲಿಂದ ಹೊಸಬರು ಇಳೀತಿದಾರೆ, ಎಲ್ಲರಿಗೂ ನೇಗಿಲ ಗುಳ ಬೇಕು" ಎನ್ನುತ್ತಿದ್ದ. ಅದು ನಿಜವೇ. ಪ್ರತಿ ರೈಲೂ ಒಂದಷ್ಟು ಸಂಸಾರಗಳನ್ನು ಇಳಿಸುತ್ತಿತ್ತು. ಒಂದೇ ಡಬ್ಬಿಯಲ್ಲಿ ಹಸು, ಕೋಳಿ, ಮಂಚ, ಮಕ್ಕಳು. ದೂರದ ಊರುಗಳಲ್ಲಿ ಕಂಪನಿ ಅಂಟಿಸಿದ ಬಣ್ಣದ ಚಿತ್ರ ನೋಡಿ ಬಂದವರು. ಯಾವ ನೆಲವನ್ನು ತೋರಿಸಿದರೂ ಅವರಿಗೆ ಅದು ಹಿಂದೆಂದೂ ಯಾರದೂ ಆಗಿರದ ನೆಲ. ಹಾಗೆ ನೋಡಿದರೆ, ಮತೌಶ್ ಗೂಟ ಹೊಡೆಯಲು ಬಂದಾಗ ಆ ತೊರೆಯ ದಂಡೆಯಲ್ಲೂ ಯಾರದೋ ಒಲೆಯ ಬೂದಿ ಇತ್ತು. ಅವನೂ ಅದನ್ನು ಕಾಲಿನಿಂದ ಸರಿಸಿ ಗೂಟ ಹೊಡೆದಿದ್ದ.

ಹಾದಿ ಒಣಗಿದ ದಿನ ಅಪೊಲೆನಾ ಬಂಡಿ ಕಟ್ಟಿದಳು. ದೂರದಿಂದ ನೋಡಿದಾಗ ಊರಿದ್ದ ಜಾಗ ಕಪ್ಪಗಿತ್ತು. ಬೆಂಕಿ ಬಿದ್ದಿತೇನೋ ಎಂದುಕೊಂಡಳು. ಹತ್ತಿರ ಬಂದಾಗ ತಿಳಿಯಿತು. ಉಳುಮೆಯಾಗಿತ್ತು. ಬಾವಿಯ ಕಟ್ಟೆಯಿಂದ ಏರಿನ ಆಚೆಯವರೆಗೆ, ಬೀದಿ, ಹಿತ್ತಲು, ಚರ್ಚಿನ ಜಾಗ, ಮಾವ ಸ್ಟೇಷನ್ನಿಗೆಂದು ಬಿಟ್ಟ ಜಾಗ, ಎಲ್ಲವೂ ಒಂದೇ ಹೊಲ. ಗುಂಡಿಗಳನ್ನು ಮುಚ್ಚಿ, ನೇರವಾದ ಸಾಲು ಎಳೆದು, ಜೋಳವನ್ನೂ ಬಿತ್ತಿಯಾಗಿತ್ತು, ಅಲ್ಲಲ್ಲಿ ಮೊಳಕೆ ಇಣುಕುತ್ತಿತ್ತು.

ಒಬ್ಬ ಎತ್ತರದ ಮನುಷ್ಯ ಬಾವಿಯ ಹತ್ತಿರದಿಂದ ಬಂದು ಟೋಪಿ ತೆಗೆದ. ಟೋರ್ಕೆಲ್ ಎಂದು ಹೆಸರು, ಸ್ವೀಡನ್ನಿನವನು. ಹೊಸ ಊರಿನ ಜಾಗಕ್ಕೆ ಬದಲಾಗಿ ಊರವರು ಕಂಪನಿಗೆ ಬಿಟ್ಟುಕೊಟ್ಟಿದ್ದ ನೆಲವನ್ನು ಕೊಂಡವನು. ಇಬ್ಬರಿಗೂ ಬರುತ್ತಿದ್ದದ್ದು ಅರೆಬರೆ ಇಂಗ್ಲಿಷು, ಅದರಲ್ಲೇ ಮಾತಾಯಿತು.

"ಇಲ್ಲಿ ಗೋರಿ ಇತ್ತು" ಎಂದಳು ಅಪೊಲೆನಾ.

"ಗೋರಿಯಾ?" ಅವನ ಮುಖ ಸಣ್ಣದಾಯಿತು. "ಚರ್ಚಿದ್ದ ಜಾಗದ ಹಿಂದೆ ಸ್ಮಶಾನ ಇದೆ, ಅದಕ್ಕೆ ಬೇಲಿ ಹಾಕಿದೀನಿ, ಮುಟ್ಟಿಲ್ಲ. ಇಲ್ಲಿ ಶಿಲುಬೆ ಇರ್ಲಿಲ್ಲ ತಾಯಿ. ಹಲಗೆ ಇರ್ಲಿಲ್ಲ. ನಾನು ನಡೆದು ನೋಡಿದೀನಿ. ದೇವರಾಣೆ, ಏನೂ ಇರ್ಲಿಲ್ಲ."

"ಒಂದು ಬಾಣಲೆ ಇತ್ತು."

ಅವನು ಹೊಲದ ಅಂಚಿಗೆ ಕರೆದೊಯ್ದ. ನೇಗಿಲಿಗೆ ಅಡ್ಡ ಬಂದ ಹಳೆಯ ಸಾಮಾನನ್ನೆಲ್ಲ ಒಟ್ಟು ರಾಶಿ ಹಾಕಿದ್ದ. ಹರಿದ ಜೋಡು, ತುಕ್ಕು ಹಿಡಿದ ಪಟ್ಟಿ, ಮುರಿದ ಕುರ್ಚಿಕಾಲು. ಬಾಣಲೆ ಮೇಲೆಯೇ ಇತ್ತು. ಅವನು ಅದನ್ನು ಎತ್ತಿ, ಮಣ್ಣು ಒರೆಸಿ, ಅವಳ ಕೈಗೆ ಕೊಟ್ಟ. "ನಿಮ್ಮದಾ? ಒಡೆದಿದೆ ಅಂತ ಎಸೆದೆ" ಎಂದ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ದಾರಿಯೇ ಇರಲಿಲ್ಲ. ಅವನು ನೋಡಿದ್ದ, ಹುಡುಕಿದ್ದ, ಬೇಲಿ ಹಾಕಿದ್ದ. ಗುರುತನ್ನು ಕಿತ್ತುಕೊಂಡು ಹೋದವರು ತಾವೇ. ಅವಳು ಸಾಲುಗಳ ನಡುವೆ ಅತ್ತಿತ್ತ ನಡೆದಳು. ಇಲ್ಲಿ ಒಲೆ ಇತ್ತು, ಇಲ್ಲಿ ಹಿಂಬಾಗಿಲು, ಇಲ್ಲಿಂದ ಹಗ್ಗ ಎಂದು ಅಂದಾಜು ಹಾಕಿದಳು. ತಿರುಗಿ ನೋಡಿದರೆ ಆ ಒಲೆಯ ಜಾಗವೇ ಬೇರೆಡೆ ಇದ್ದಂತೆ ಕಂಡಿತು. ಎಲ್ಲಿ ನೋಡಿದರೂ ಒಂದೇ ಕಪ್ಪು ಮಣ್ಣು. ಅವಳು ಅಲ್ಲೇ ಕೂತು ಅತ್ತಳು. ಟೋರ್ಕೆಲ್ ಏನು ಮಾಡಬೇಕೆಂದು ತಿಳಿಯದೆ ಅವಳ ಪೀಪಾಯಿಗೆ ನೀರು ತುಂಬಿಸಿಟ್ಟ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದು ಕೂತಿದ್ದಳು. ಅವಳಿಗೆ ಹೊಸದೊಂದು ಹೊಳೆದಿತ್ತು.

"ಈ ಚಳಿಗಾಲ ನನಗೆ ಹೆದರಿಕೆ ಆಗಿತ್ತು ಕಣೆ. ನೆಲ ಕಲ್ಲಾಗಿರೋವಾಗ ಸತ್ರೆ, ಅಗೆಯೋಕಾಗದೆ ಕೊಟ್ಟಿಗೇಲಿ ಇಡ್ತಾರೆ, ದನದ ಜೊತೆ. ಈಗ ಮಣ್ಣು ಮೆತ್ತಗಿದೆ. ಕ್ರಿಶ್ಟೋಫ್‌ಗೆ ಹೇಳು, ನನ್ನ ಗುಂಡಿ ಈಗಲೇ ಅಗೆದು ಹಲಗೆ ಮುಚ್ಚಿಡ್ಲಿ. ಅವನ ಪೆಟ್ಟಿಗೆ ಪಕ್ಕಕ್ಕೇ ಬರ್ಲಿ. ಅಗೆಯೋವಾಗ ನಾನೂ ಕೂತಿರ್ತೀನಿ. ಅವನ ಪೆಟ್ಟಿಗೆ ಒಂದ್ಸಲ ಕೈಯಲ್ಲಿ ಮುಟ್ಬೇಕು."

ಅಪೊಲೆನಾ ಕುಲುಮೆಗೆ ಹೋದಳು. ಹೊಲದ ಸುದ್ದಿಯನ್ನೂ ಪೆಟ್ಟಿಗೆಯ ಸುದ್ದಿಯನ್ನೂ ಒಟ್ಟಿಗೇ ಹೇಳಿದಳು. ಕ್ರಿಶ್ಟೋಫ್ ಸುತ್ತಿಗೆ ಕೆಳಗಿಟ್ಟ.  ಆಮೇಲೆ ಹೇಳಿದ: "ವೆಂಡೆಲಿನ್ ಹತ್ರ ಹಳೇ ಹಲಗೆ ಇದೆ. ಒಂದು ಪೆಟ್ಟಿಗೆ ಹೊಡೆದು ದಿಬ್ಬದ ಕೆಳಗೆ ಹೂತುಬಿಡ್ತೀನಿ. ನಾಳೆ ಅವಳು ಚರ್ಚಿಗೆ ಹೋದಾಗ."

"ಖಾಲಿ ಪೆಟ್ಟಿಗೆನಾ?"

"ಮಣ್ಣು ತುಂಬ್ತೀನಿ."

"ಕ್ರಿಶ್ಟೋಫ್, ಅದು ನಿಮ್ಮಪ್ಪ."

"ನನಗೆ ಗೊತ್ತಿಲ್ವಾ ನಮ್ಮಪ್ಪ ಅಂತ?" ಅವನು ಇಕ್ಕಳ ಎಸೆದ. "ಬೇರೆ ಏನು ಮಾಡ್ಲಿ ಹೇಳು. ಈಗ ಹೇಳಿದ್ರೆ ಅವಳು ಉಳೀತಾಳಾ?"

ಅವಳು ಮನೆಗೆ ಬಂದಳು. ಹಿತ್ತಲಲ್ಲಿ ಮುದುಕಿ ದಿಬ್ಬದ ಪಕ್ಕ ಕೂತು ಕೈಯಿಂದ ಹುಲ್ಲು ಕೀಳುತ್ತಿದ್ದಳು, ತನಗೆ ಬೇಕಾದಷ್ಟು ಜಾಗವನ್ನು ಚೊಕ್ಕಟ ಮಾಡುತ್ತ. ಅಪೊಲೆನಾ ಅವಳ ಎದುರು ಮಂಡಿಯೂರಿದಳು. "ಅತ್ತೆ, ಮಾವ ಇಲ್ಲಿಲ್ಲ."

ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಗರಿ ಹರಿಯಲು ಕಳಿಸಿದ್ದು, ಮನೆ ಎಳೆದದ್ದು, ಶಿಲುಬೆಯ ಉಪಾಯ ತನ್ನದೇ ಎಂಬುದು, ಬಾವಿಯ ನೀರು, ಬಾಣಲೆ, ಹೊಲ.  ಕಿತ್ತ ಹುಲ್ಲು ಮುದುಕಿಯ ಮುಷ್ಟಿಯಲ್ಲೇ ಇತ್ತು.

ಕೊನೆಗೆ, "ಹಾಗಾದ್ರೆ ರೈಲು ಬರ್ಲಿಲ್ಲ" ಎಂದಳು.

"ಅತ್ತೆ..."

"ಅವನ ಹತ್ರಕ್ಕೆ ಬರ್ಲಿಲ್ಲ. ನಾನು ಅಂದಿದ್ದೇ ನಿಜ ಆಯ್ತು." ಹುಲ್ಲನ್ನು ಕೆಳಗೆ ಬಿಟ್ಟಳು. "ತಪ್ಪಾಯ್ತು ಅಂತ ಅಷ್ಟು ಸಲ ಹೇಳಿದ್ನಲ್ಲ. ಯಾರಿಗೆ ಹೇಳ್ದೆ ಅಪೊಲೆನಾ? ನೀನು ಬಾಗಿಲಲ್ಲಿ ನಿಂತು ಕೇಳ್ತಿದ್ಯಲ್ಲ."

 ಆ ರಾತ್ರಿ ಮುದುಕಿ ಉಣ್ಣಲಿಲ್ಲ. ಮಗ ಕಾಲು ಹಿಡಿದುಕೊಂಡ. ಕಾಲು ಎಳೆದುಕೊಂಡಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು ತಾನೇ ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು, "ಬಂಡಿ ಕಟ್ಟು. ಮಗ ಬೇಡ, ನೀನೇ ಕರ್ಕೊಂಡು ಹೋಗು" ಎಂದಳು.

ದಾರಿಯಲ್ಲಿ ಅಪೊಲೆನಾ ಎಂದಿನಂತೆ ಹೇಳಲು ಹೊರಟಳು, ಹುಲ್ಲು ಹಸಿರಾಗಿದೆ ಅತ್ತೆ, ಅಲ್ಲಿ ಹಕ್ಕಿಗಳ ಹಿಂಡು ಎಂದು. "ಬೇಡ" ಎಂದಳು ಮುದುಕಿ. "ನೀನು ಹೇಳಿದ್ರೆ ಇನ್ನು ನನಗೆ ಕಾಣಲ್ಲ." ಅಪೊಲೆನಾ ಲಗಾಮಿನತ್ತ ಕಣ್ಣಿಳಿಸಿದಳು. ಜೀವಮಾನದಲ್ಲಿ ಯಾರೂ ಅವಳಿಗೆ ಹಾಗೆ ಹೊಡೆದಿರಲಿಲ್ಲ.

ಹೊಲದಲ್ಲಿ ಟೋರ್ಕೆಲ್ ಇವರನ್ನು ನೋಡಿ ಕುದುರೆಯನ್ನು ಹಿಡಿದುಕೊಂಡು ದೂರವೇ ನಿಂತ. ಮುದುಕಿ ಜೋಡು ಬಿಚ್ಚಿ ಬರಿಗಾಲಲ್ಲಿ ಸಾಲಿಗೆ ಇಳಿದಳು. ಆಗತಾನೇ ಮೊಳೆತಿದ್ದ ಜೋಳ ಪಾದಕ್ಕೆ ತಾಗಿದಾಗ ಹೆಜ್ಜೆ ಬದಲಿಸಿ, ತುಳಿಯದ ಹಾಗೆ ನಡೆದಳು. ಒಂದು ಕಡೆ ನಿಂತಳು.

"ಇಲ್ಲೇನಾ?"

"ಗೊತ್ತಿಲ್ಲ ಅತ್ತೆ. ಈ ಕಡೆ ಎಲ್ಲೋ."

ಮುದುಕಿ ಕೂತು ಅಂಗೈಯನ್ನು ಮಣ್ಣಿನ ಮೇಲಿಟ್ಟಳು. ಗಾಳಿ ದಕ್ಷಿಣದಿಂದ ಬೀಸುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಬಹು ದೂರದಿಂದ, ಇದ್ದೂ ಇಲ್ಲದ ಹಾಗೆ, ರೈಲಿನ ಕೂಗು ಕೇಳಿತು. ಅವಳ ತಲೆ ಅತ್ತ ತಿರುಗಿತು. ಆಮೇಲೆ ಅವಳು ಬಗ್ಗಿ, ಮಲಗಿದವರ ಕಿವಿಗೆ ಹೇಳುವಂತೆ ಹೇಳಿದಳು.

"ಕೇಳಿಸ್ತಾ ಮುದುಕಾ? ಬಂತು ಕಣೋ. ನೀನು ಹೇಳಿದ ಜಾಗಕ್ಕೇ ಬಂತು. ಊರೆಲ್ಲ ಇಲ್ಲೇ ಇದೆ, ದೊಡ್ಡದಾಗಿದೆ. ನಾನು ಅಂದಿದ್ದು ಸುಳ್ಳು, ತಪ್ಪಾಯ್ತು."

ಅಪೊಲೆನಾ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡರೂ ಬಿಕ್ಕಳಿಕೆ ಕೇಳಿಸಿಬಿಟ್ಟಿತು.

"ನೀನು ಅಳಬೇಡ" ಎಂದಳು ಮುದುಕಿ ಒಣ ದನಿಯಲ್ಲಿ. "ನಾನು ಹೇಳಿದ್ದು ಅವನಿಗೋಸ್ಕರ. ನೀವು ಹೇಳಿದ್ದು ನಿಮಗೋಸ್ಕರ. ಎರಡೂ ಒಂದೇ ಅಂತ ತಿಳ್ಕೋಬೇಡ."

ಎದ್ದು ನಿಲ್ಲಲು ಕೈ ಚಾಚಿದಳು. ಅಪೊಲೆನಾ ಹಿಡಿದು ಎತ್ತಿದಳು. ಅವಳ ಕೈ ಬಿಡದೆಯೇ ಮುದುಕಿ ಹೇಳಿದಳು: "ಮಾತು ಕೊಟ್ಟಿದೀಯಲ್ಲ, ಅದು ಹಾಗೇ ಇದೆ. ನಾನು ಸತ್ತಾಗ ಈ ಹೊಲದಲ್ಲೇ ಎಲ್ಲಾದ್ರೂ ಇಡು. ಆಮೇಲೆ ನಾನೇ ಹುಡುಕ್ಕೊಳ್ತೀನಿ. ಕುರುಡಿಗೆ ಹುಡುಕೋದು ಹೊಸದಲ್ಲ."

ಅವಳನ್ನು ಬಂಡಿಯಲ್ಲಿ ಕೂರಿಸಿ ಅಪೊಲೆನಾ ಟೋರ್ಕೆಲ್‌ನ ಕಡೆ ನಡೆದಳು. ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಊರು ಕಟ್ಟಿದವನ ಹೆಂಡತಿಗೆ ಆರಡಿ ಜಾಗ ಬೇಕೆಂದು ಅವನನ್ನು ಕೇಳಬೇಕಿತ್ತು. ಅದನ್ನು ಕೇಳುವಷ್ಟು ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ.